ಕುರ್ಲಾದ ಗಾಳಿಗೆ ಐದೂವರೆ ಅಂಕ

ಜೂನ್ ತಿಂಗಳ ಒಂದು ಮಧ್ಯಾಹ್ನ ಧಾರವಾಡದಲ್ಲಿ ಮುಂಬಯಿಯ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಬಿಳಿ ಟವೆಲ್ಲು ಮತ್ತು ನನ್ನ ಅಂಕದ ನೋಟ್‌ಬುಕ್ ಇದ್ದವು. ಹೊಟ್ಟೆಯಲ್ಲಿ ಹೆದರಿಕೆ ಇತ್ತು. ಹಿಂದಿನ ವಾರ ಮುಂಬಯಿಯ ಕುರ್ಲಾದಿಂದ ಅಣ್ಣ ಈರಣ್ಣ ಫೋನ್ ಮಾಡಿದ್ದ. ‘ಆರಾಮ ಅದೀನಿ’ ಎನ್ನುವ ಎರಡು ಪದ ಹೇಳಲು ನಡುವೆ ಎರಡು ಸಲ ಉಸಿರು ಎಳೆದುಕೊಂಡಿದ್ದ. ನಮ್ಮ ಅಪ್ಪ ಹೋದದ್ದು ಉಬ್ಬಸದಿಂದಲೇ. ಫೋನ್ ಇಟ್ಟವಳು ಮರುದಿನವೇ ಟಿಕೆಟ್ ತೆಗೆಸಿದೆ. ಹೋಗುವುದಕ್ಕೆ ಒಂದು, ಬರುವುದಕ್ಕೆ ಎರಡು. ಅಣ್ಣನನ್ನು ಕರೆದುಕೊಂಡೇ ಬರುವುದೆಂದು ನಿರ್ಧಾರವಾಗಿತ್ತು.

ಅಂಕದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಚ್ಚಾಟ ಎನಿಸುತ್ತದೆ. ಮೂವತ್ತು ವರ್ಷ ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಅಳೆಯದೆ ಏನನ್ನೂ ನಂಬುವ ಅಭ್ಯಾಸವಿಲ್ಲ. ಯಾವ ಊರಿಗೆ ಹೋದರೂ ಅಲ್ಲಿನ ಹವೆಗೆ ಹತ್ತಕ್ಕೆ ಎಷ್ಟು ಎಂದು ಬರೆದಿಡುತ್ತೇನೆ. ಹಿಂಡಿ ಹಾಕಿದ ಟವೆಲ್ಲು ನಾಲ್ಕು ತಾಸಿನಲ್ಲಿ ಒಣಗಿದರೆ ನಾಲ್ಕು ಅಂಕ, ಡಬ್ಬಿಯ ಉಪ್ಪು ಉದುರುದುರಾಗಿದ್ದರೆ ಎರಡು, ಫ್ಯಾನಿಲ್ಲದೆ ನಿದ್ದೆ ಬಂದರೆ ಎರಡು, ಮೈ ಅಂಟದಿದ್ದರೆ ಎರಡು. ಧಾರವಾಡಕ್ಕೆ ಒಂಬತ್ತು. ಬೆಳಗಾವಿಗೆ ಎಂಟು. ವಿಜಯಪುರದಲ್ಲಿ ಟವೆಲ್ಲು ಒಂದೇ ತಾಸಿಗೆ ಹಪ್ಪಳವಾಗುತ್ತದೆ, ಆದರೆ ಬೆವರಿಗೆ ಮೈ ಅಂಟುತ್ತದೆ, ನಿದ್ದೆಯ ಹೆಸರೆತ್ತುವಂತಿಲ್ಲ, ಆರು. ಮಂಗಳೂರಿಗೆ ಮೂರು ಕೊಟ್ಟದ್ದಕ್ಕೆ ನನ್ನ ಗೆಳತಿಯೊಬ್ಬಳು ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಆದರೂ ಬರೆದ ಅಂಕವನ್ನು ನಾನು ತಿದ್ದಿದವಳಲ್ಲ.

ಏಳುನೂರು ಕಿಲೋಮೀಟರಿನಷ್ಟು ದಾರಿ. ಮೀರಜ್‌ವರೆಗೆ ಗಾಳಿ ಚೆನ್ನಾಗಿತ್ತು. ಬೆಳಗಿನ ಜಾವ ಘಟ್ಟ ಇಳಿಯುವಾಗ ಕಿಟಕಿಯಿಂದ ತಣ್ಣನೆಯ ಗಾಳಿ ಬಂದು, ಏಳು ಅಂಕ ಕೊಡಬಹುದು ಎಂದುಕೊಂಡೆ. ಕರ್ಜತ್‌ನಲ್ಲಿ ಚಹಾ ಕುಡಿಯುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟಿತು. ಇಂಥ ಗಾಳಿಯಲ್ಲಿ ಅವನ ಎದೆ ಹೇಗಿದ್ದೀತು ಎಂದು ಯೋಚಿಸಿ ಅರ್ಧ ಚಹಾ ಹಾಗೇ ಚೆಲ್ಲಿದೆ.

ದಾದರಿನಲ್ಲಿ ಇಳಿದು ಐದು ರೂಪಾಯಿ ಕೊಟ್ಟು ಲೋಕಲ್ ಹತ್ತಿದೆ. ಹೆಂಗಸರ ಡಬ್ಬಿಯಲ್ಲೂ ನಿಲ್ಲಲು ಒಂದು ಕಾಲಿನಷ್ಟೇ ಜಾಗ. ಸಾಯನ್ ದಾಟುವಾಗ ಧಾರಾವಿಯ ತಗಡುಗಳ ಮೇಲೆ ಜನ ಹತ್ತಿ ಮಳೆಗೆ ಮೊದಲೇ ನೀಲಿ ತಾಡಪತ್ರಿ ಬಿಗಿಯುತ್ತಿದ್ದರು. ಬಾಗಿಲಲ್ಲಿದ್ದ ಮೀನು ಬುಟ್ಟಿಯ ಹೆಂಗಸು ಆಕಾಶ ನೋಡಿ ‘ಆಜ್ ಉದ್ಯಾ ಯೇಣಾರ್’ ಎಂದಳು. ಮಳೆ ಇವತ್ತೋ ನಾಳೆಯೋ ಬರುತ್ತದಂತೆ. ಮಳೆಗೆ ಮೊದಲೇ ಅವನನ್ನು ಇಲ್ಲಿಂದ ಎತ್ತಬೇಕಿತ್ತು.

ಈರಣ್ಣನ ಚಾಳು ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಕೆಳಗೆ ಉಡುಪಿಯವರ ಹೋಟೆಲು, ಮೇಲೆ ಎರಡು ಮಹಡಿ, ಉದ್ದನೆಯ ಗ್ಯಾಲರಿಗೆ ತೆರೆದುಕೊಂಡ ಸಾಲು ಬಾಗಿಲು. ಲೇತ್ ಮಷಿನ್ನಿನ ಕಾರ್ಖಾನೆಯಲ್ಲಿ ದುಡಿದು, ಅತ್ತಿಗೆ ತೀರಿಕೊಂಡ ಮೇಲೂ ಅವನು ಅದೇ ಖೋಲಿಯಲ್ಲಿ ಒಬ್ಬನೇ ಇದ್ದಾನೆ. ಬಾಗಿಲಲ್ಲಿ ನಿಂತಿದ್ದ. ಕತ್ತಿನ ಬುಡದಲ್ಲಿ ಕುಳಿ ಬಿದ್ದಿತ್ತು, ಉಸಿರಾಡಿದಾಗಲೆಲ್ಲ ಅದು ಒಳಕ್ಕೆ ಹೋಗುತ್ತಿತ್ತು.

“ಹೇಳದ ಕೇಳದ ಯಾಕ ಬಂದಿ, ಸುವರ್ಣಿ?”

“ನಿನ್ನ ಕರಕೊಂಡು ಹೋಗಾಕ ಬಂದೀನಿ. ಬ್ಯಾಗಿಗೆ ಅರಿವಿ ತುಂಬಿಕೋ.”

“ನಿನಗೇನ್ ತಲಿ ಕೆಟ್ಟೈತೇನ? ಬಂದಾಕಿ ಮೊದಲು ಕೈಕಾಲು ತೊಕ್ಕೊ.”

ಕೈಕಾಲು ತೊಳೆಯುವ ಮೊದಲೇ ನಾನು ಉಪ್ಪಿನ ಡಬ್ಬಿ ತೆಗೆದೆ. ಉಪ್ಪು ಹೆಂಟೆ ಕಟ್ಟಿ ನೀರೊಡೆದಿತ್ತು. ಹಾಸಿಗೆಯ ಹಿಂದಿನ ಗೋಡೆಗೆ ಕಪ್ಪು ಬೂಷ್ಟು. ಉಪ್ಪಿಗೆ ಸೊನ್ನೆ ಎಂದು ಬರೆದು ಅವನ ಮುಂದೆ ಹಿಡಿದೆ. ಅವನು ನಕ್ಕ.

“ನಿನ್ನ ಲೆಕ್ಕದ ಪ್ರಕಾರನ ಆಗ್ಲಿ. ಮೂರು ದಿವಸ ನಿನ್ನ ಟವೆಲ್ ಹಾಕು. ಐದರ ಕೆಳಗ ಬಂತಂದ್ರ ನಾನ ಬ್ಯಾಗ್ ತುಂಬಿಕೊಂಡು ನಿನ್ನ ಜೋಡಿ ಬರ್ತೀನಿ. ಐದರ ಮ್ಯಾಲ ಬಂದ್ರ ಇನ್ನೊಮ್ಮಿ ಈ ಮಾತು ಎತ್ತಬಾರ್ದು.”

ಕಣ್ಣು ಮುಚ್ಚಿ ಒಪ್ಪಿಕೊಂಡೆ. ಆ ಮಬ್ಬಿನಲ್ಲಿ ಎಂಟು ತಾಸಾದರೂ ಟವೆಲ್ಲು ಒಣಗುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಹಿಂಡಿ, ಗ್ಯಾಲರಿಯ ಹಗ್ಗದ ಮೇಲೆ ಹರವಿದಾಗ ಸರಿಯಾಗಿ ಹನ್ನೊಂದು ಗಂಟೆ. ಅಲ್ಲಿಂದ ಇಬ್ಬರೂ ಲೋಕಲ್ ಹಿಡಿದು ಎರಡು ಸ್ಟೇಷನ್ ಆಚೆ ಘಾಟ್ಕೋಪರಿಗೆ ಹೋದೆವು. ಅಲ್ಲಿ ಅವನ ಎದೆ ಡಾಕ್ಟರು.

ನಾನು ನನಗೆ ಗೊತ್ತಿದ್ದ ಹಿಂದಿಯಲ್ಲಿ ಹವೆ, ಶೀತ, ಧಾರವಾಡ ಎಂದೆಲ್ಲ ಒದರಿದೆ. ಡಾಕ್ಟರು ಸಮಾಧಾನದಿಂದ ಕೇಳಿ, “ಪೆಹಲೇ ದವಾ ರೆಗ್ಯುಲರ್” ಎಂದರು, ಮೊದಲು ಔಷಧಿ ಕ್ರಮವಾಗಿ ಆಗಲಿ. ಊರು ಬದಲಿಸಿದರೆ ಕೆಲವರಿಗೆ ಹಿತವಾಗುತ್ತದೆ, ಕೆಲವರಿಗೆ ಇಲ್ಲ. ಗೋಡೆಯ ಬೂಷ್ಟು ತೆಗೆಸಿ, ಎರಡು ಹೊತ್ತೂ ಉಸಿರಿನ ಔಷಧಿಯ ಪಂಪು ಎಳೆಯುವುದನ್ನು ಮಾತ್ರ ತಪ್ಪಿಸಬೇಡಿ ಎಂದರು. ಎರಡು ಹೊತ್ತೂ ಎಳೆಯುತ್ತೇನೆ ಎಂದು ಈರಣ್ಣ ಶಾಲೆಯ ಹುಡುಗನಂತೆ ತಲೆಯಾಡಿಸಿದ. ಆಮೇಲೆ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಮೂರು ಕಡೆ ನಿಂತ. ಮೆಟ್ರೋಗೆ ಓಡುವ ಜನ ನಮ್ಮನ್ನು ಸವರಿಕೊಂಡು ಹೋಗುತ್ತಿದ್ದರು, ನಾನು ಅವನ ತೋಳು ಹಿಡಿದು ದೇವರಿಗೆ ಹರಕೆ ಹೊರುತ್ತಿದ್ದೆ.

ಮೂರು ಗಂಟೆಗೆ ಖೋಲಿಗೆ ಮರಳಿ ಟವೆಲ್ಲು ಮುಟ್ಟಿದೆ. ಒಣಗಿತ್ತು! ಅಂಚಿನಲ್ಲೂ ಪಸೆಯಿರಲಿಲ್ಲ. ನನ್ನ ರವಿಕೆ ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು, ಟವೆಲ್ಲು ಮಾತ್ರ ಗರಿಗರಿ.

“ಎಷ್ಟು?” ಎಂದ ಅಣ್ಣ.

“ನಾಲ್ಕಕ್ಕ ನಾಲ್ಕು,” ಎಂದೆ.

ಎರಡನೆಯ ದಿನ ಇನ್ನೂ ಗಟ್ಟಿ ಮನಸ್ಸಿನಿಂದ, ಟವೆಲ್ಲನ್ನು ಸ್ವಲ್ಪ ಸಡಿಲವಾಗಿಯೇ ಹಿಂಡಿ ಹಾಕಿದೆ. ಹೌದು, ಮೋಸವೇ, ಮೂವತ್ತು ವರ್ಷದಲ್ಲಿ ಮೊದಲ ಸಲ. ಗೋಡೆ ಕೆರೆಯುವವನನ್ನು ಹುಡುಕಿಕೊಂಡು ಬಜಾರಿಗೆ ಹೋಗಿ ಬಂದೆ. ಟವೆಲ್ಲು ಮತ್ತೆ ಒಣಗಿತ್ತು. ನಿದ್ದೆಗೆ ಒಂದು, ಮೈಗೆ ಅರ್ಧ, ಉಪ್ಪಿಗೆ ಸೊನ್ನೆ. ಎಲ್ಲ ಕೂಡಿದರೆ ಐದೂವರೆ. ಹತ್ತು ಸಲ ಕೂಡಿದರೂ ಅಷ್ಟೇ. ಅಣ್ಣ ಪಕ್ಕದಲ್ಲಿ ಶಿಳ್ಳೆ ಹೊಡೆಯುವ ಉಸಿರಿನಲ್ಲಿ ಪೇಪರು ಓದುತ್ತಿದ್ದ. ನನ್ನ ಅಳತೆಯೇ ಅವನನ್ನು ಇಲ್ಲಿ ಕಟ್ಟಿಹಾಕಿ ಕೊಲ್ಲುತ್ತದಲ್ಲ ಎಂದು ನನಗೆ ಅಳು ಬಂತು.

ಮೂರನೆಯ ದಿನ ಮಳೆ ಬಂತು. ಎದುರಿನ ಬಿಲ್ಡಿಂಗು ಕಾಣದಂತೆ ಸುರಿಯಿತು, ಗ್ಯಾಲರಿಗೆಲ್ಲ ಎರಚಲು. ಈಗ ಹೇಗೆ ಒಣಗುತ್ತೀಯೋ ನೋಡುತ್ತೇನೆ ಎಂದು ಟವೆಲ್ಲು ಹಾಕಿ, ಒಳಗೆ ಬಂದು ಅನ್ನಕ್ಕಿಟ್ಟೆ. ಒಂದು ತಾಸಿನ ಮೇಲೆ ಇಣುಕಿದರೆ ಹಗ್ಗ ಖಾಲಿ. ಗಾಳಿಗೆ ಹಾರಿತೆಂದು ಕೆಳಗಿಳಿದು ಓಡಿದೆ. ಹೋಟೆಲಿನ ಹಿಂಬಾಗಿಲಲ್ಲಿ, ಇಡ್ಲಿ ಬೇಯುವ ದೊಡ್ಡ ಬಾಯ್ಲರಿನ ಮೇಲೆ ಕಟ್ಟಿದ್ದ ತಂತಿಯಲ್ಲಿ ನನ್ನ ಬಿಳಿ ಟವೆಲ್ಲು ಆರಾಮವಾಗಿ ಶಾಖ ಕಾಯಿಸಿಕೊಳ್ಳುತ್ತಿತ್ತು. ಅದನ್ನು ಮಗುಚಿ ಹಾಕುತ್ತಿದ್ದವರು ಪಕ್ಕದ ಖೋಲಿಯ ಜಲಜಕ್ಕ. ಕಾರ್ಕಳದ ಕಡೆಯವರು, ಅವರ ಗಂಡ ಅದೇ ಹೋಟೆಲಿನ ಅಡುಗೆ ಭಟ್ಟರು.

“ಜಲಜಕ್ಕಾ, ಏನ್ ಮಾಡಾಕತ್ತೀರಿ?”

“ನೆಂಟರ ಟವೆಲ್ ಚಂಡಿ ಇರ್ಬಾರ್ದಲ್ಲ ಮಾರಾಯ್ರೆ,” ಎಂದರು ಅವರು, ನಾನೇ ಏನೋ ತಪ್ಪು ಕೇಳಿದ ಹಾಗೆ. “ಮೂರು ದಿನದಿಂದ ನೀವು ಹಾಕುದು, ನಾನು ಇಲ್ಲಿ ತಂದು ಒಣಗಿಸಿ ಪುನಃ ಅಲ್ಲೇ ಹಾಕುದು. ಈರಣ್ಣನದ್ದು ಬೆಡ್‌ಶೀಟು, ಬನಿಯನು ಎಲ್ಲ ಮಳೆಗಾಲ ಪೂರ ಇಲ್ಲಿಯೇ ಒಣಗುದು. ಚಂಡಿ ವಾಸನೆ ಬಂದ್ರೆ ಅವರಿಗೆ ದಮ್ಮು ಕಟ್ತದೆ, ನಿಮಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಆ ಕ್ಷಣಕ್ಕೆ ಅದರ ಯೋಚನೆಯೂ ಬರಲಿಲ್ಲ. ಗೆದ್ದೆ ಎನ್ನುವ ಹಿಗ್ಗಿನಲ್ಲಿ ಟವೆಲ್ಲು ಕಿತ್ತುಕೊಂಡು ಮೆಟ್ಟಿಲು ಹತ್ತಿದೆ. ಬಾಯ್ಲರು ಒಣಗಿಸಿದ ಟವೆಲ್ಲಿಗೆ ಅಂಕವಿಲ್ಲ. ಉಳಿದದ್ದು ಒಂದೂವರೆ.

“ಇದು ನಿನಗ ಗೊತ್ತಿತ್ತನ?” ಎಂದು ಟವೆಲ್ಲನ್ನು ಅಣ್ಣನ ಮುಖದ ಮುಂದೆ ಝಾಡಿಸಿದೆ.

“ಮೊದಲನೇ ದಿವಸದಿಂದ ಗೊತ್ತಿತ್ತು. ಜಲಜಕ್ಕ ಯಾರ ಅರಿವಿನೂ ಹಸಿ ಬಿಡಂಗಿಲ್ಲ,” ಎಂದು ನಗತೊಡಗಿದ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ನೋಡುತ್ತಿದ್ದಂತೆ ಅವನ ಭುಜ ಕಿವಿಯವರೆಗೆ ಏರಿ, ತುಟಿ ಬಿಳಿಚಿ, ಉಸಿರು ಒಳಗೂ ಹೋಗದೆ ಹೊರಗೂ ಬರದೆ ಸಿಕ್ಕಿಕೊಂಡಿತು. ಕೈಯಿಂದ ಪಂಪು, ಪಂಪು ಎಂದು ತೋರಿಸಿದ. ಎಲ್ಲಿದೆ? ಕಪಾಟಿನಲ್ಲಿ ಒಂದು ಸಿಕ್ಕಿತು, ಒತ್ತಿದೆ, ಖಾಲಿ. ಎಂಟು ಊರಿನ ಹವೆ ಬಲ್ಲವಳು ನಾನು, ಅಣ್ಣನ ಪಂಪು ಎಲ್ಲಿದೆ ಎಂದು ಬಲ್ಲವಳಲ್ಲ.

ನಾನು ಕೂಗಿದ್ದು ನೆನಪಿಲ್ಲ. ಕೆಮ್ಮು ಕೇಳಿಯೇ ಬಂದಿರಬೇಕು. ಜಲಜಕ್ಕ ತಮ್ಮ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಪಂಪು ಹಿಡಿದು ನುಗ್ಗಿದರು. ಆಚೆ ಮನೆಯ ಮರಾಠಿ ಕಾಕಾ ಅಣ್ಣನನ್ನು ಮುಂದಕ್ಕೆ ಬಾಗಿಸಿ, ಮೊಣಕೈ ಮಂಡಿಗೆ ಊರಿಸಿ ಕೂರಿಸಿದರು. “ಹಳೂ, ಹಳೂ,” ಎಂದು ನಿಧಾನಕ್ಕೆ ಉಸಿರೆಳೆಯಲು ಹೇಳುತ್ತ ಬೆನ್ನು ಸವರಿದರು. ಜಲಜಕ್ಕ ಒಂದೊಂದೇ ಎಳೆತ ಎಣಿಸಿ ಕೊಟ್ಟರು. ಕೆಳಗೆ ಯಾರೋ ಆಗಲೇ ರಿಕ್ಷಾ ನಿಲ್ಲಿಸಿದ್ದರು. ನನಗೆ ಪಕ್ಕಕ್ಕೆ ಸರಿಯಿರಿ ಎಂದರಷ್ಟೇ. ಗೋಡೆಗೆ ಒತ್ತಿಕೊಂಡು ನಿಂತೆ.

ಅದೇ ರಿಕ್ಷಾದಲ್ಲಿ ಜಲಜಕ್ಕನ ಜೊತೆ ಘಾಟ್ಕೋಪರಿಗೆ ಹೋದೆವು. ಡಾಕ್ಟರು ಔಷಧಿಯ ಹಬೆ ಕೊಟ್ಟರು, ತಾಸಿನ ಮೇಲೆ ಉಸಿರು ಸಡಿಲವಾಯಿತು. ಖಾಲಿ ಪಂಪು ತೋರಿಸಿ ಕೇಳಿದಾಗ ಸತ್ಯ ಹೊರಬಿತ್ತು: ದಿನಕ್ಕೆರಡು ಸಲ ಎಳೆಯಬೇಕಾದದ್ದನ್ನು ಅವನು, ಪಂಪು ಮುಗಿದ ಮೇಲೆ, ತಿಂಗಳಿಂದ ಎಳೆದೇ ಇರಲಿಲ್ಲ. ಡಾಕ್ಟರು ಬೈದರು. ಅವರು ಮುಗಿಸಿದ ಮೇಲೆ ಜಲಜಕ್ಕ ಶುರುಮಾಡಿದರು: “ಇನ್ನು ಬೆಳಿಗ್ಗೆ ಚಾ ಕುಡಿಯುವ ಮೊದಲು ನನ್ನ ಎದುರು ಎಳೀಬೇಕು. ರಾತ್ರಿ ಸಹ. ಎಳೀದಿದ್ರೆ ಚಾ ಇಲ್ಲ.”

ಅಣ್ಣ ನನ್ನೆದುರು ಎಂದೂ ತಗ್ಗಿಸದ ತಲೆ ತಗ್ಗಿಸಿ “ಆತ್ರೀ” ಎಂದ.

ನಾಲ್ಕನೆಯ ದಿನ ಮುಂಜಾನೆ ನಾನು ಏಳುವಷ್ಟರಲ್ಲಿ ಅವನು ಬ್ಯಾಗು ತುಂಬುತ್ತಿದ್ದ. ಎರಡು ಪ್ಯಾಂಟು, ನಾಲ್ಕು ಅಂಗಿ, ಅತ್ತಿಗೆಯ ಫೋಟೋ. ಮುಖ ಈ ಕಡೆ ತಿರುಗಿಸಲಿಲ್ಲ.

“ಮಾತು ಕೊಟ್ಟೀನಿ. ನೀ ಗೆದ್ದಿ. ಬರ್ತೀನಿ.”

ಇದನ್ನು ಕೇಳಬೇಕೆಂದೇ ಬಂದಿದ್ದೆ. ಕೇಳಿದ ಮೇಲೆ ನನಗೆ ನೆನಪಾದದ್ದು ನನ್ನ ನೆರೆಹೊರೆ. ಧಾರವಾಡದ ನನ್ನ ಮನೆಯ ಎಡಕ್ಕೆ ಡಾಕ್ಟರ್ ದಂಪತಿ, ಬಲಕ್ಕೆ ಮೇಷ್ಟ್ರು. ಎರಡೂ ಮನೆಗೆ ಸಂಜೆಯವರೆಗೆ ಕೀಲಿ. ನಡುವೆ ಆಳೆತ್ತರದ ಕಂಪೌಂಡು. ನಾನು ಸಂತೆಗೆ ಹೋದಾಗ ಇವನು ಕೆಮ್ಮಿದರೆ ನನ್ನ ಒಂಬತ್ತು ಅಂಕದ ಗಾಳಿ ಬಂದು ಪಂಪು ಕೊಡುತ್ತದೆಯೇ? ಶ್ರಾವಣದ ಜಿಟಿಜಿಟಿಯಲ್ಲಿ ನಮ್ಮಲ್ಲೂ ಬಟ್ಟೆ ಮೂರು ದಿನ ಒಣಗುವುದಿಲ್ಲ. ಆ ತಿಂಗಳಲ್ಲಿ ನಾನು ಟವೆಲ್ಲು ಹಾಕಿ ಅಂಕ ಕೊಟ್ಟದ್ದೇ ಇಲ್ಲ. ನಿಜ ಹೇಳಬೇಕೆಂದರೆ ಅಣ್ಣ ಹತ್ತಿರ ಬೇಕಾಗಿದ್ದದ್ದು ನನಗೆ. ನನ್ನ ಹೆದರಿಕೆಗೆ ನಾನು ಹವೆಯ ಹೆಸರಿಟ್ಟಿದ್ದೆ.

ನೋಟ್‌ಬುಕ್ ತೆಗೆದೆ. ಕುರ್ಲಾ ಎಂದು ಬರೆದೆ. ಟವೆಲ್ಲು ನಾಲ್ಕು, ಉಪ್ಪು ಸೊನ್ನೆ, ನಿದ್ದೆ ಒಂದು, ಮೈ ಅರ್ಧ. ಒಟ್ಟು ಐದೂವರೆ. ಅವನ ಮುಂದೆ ಹಿಡಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ.

“ಟವೆಲ್ಲಿಗೆ ನಾಲ್ಕು ಹೆಂಗ?”

“ಒಣಗಿತ್ತಲ್ಲ.”

“ಸುವರ್ಣಿ, ನೀ ಸುಳ್ಳು ಬರದೀ.”

“ನನ್ನ ನೋಟ್‌ಬುಕ್ಕು, ನನ್ನ ಅಂಕ. ಅರಿವಿ ತಗದಿಡು ಸುಮ್ಮನ.”

ಅವನು ಒಂದೊಂದಾಗಿ ಅಂಗಿ ತೆಗೆದು ಮೊಳೆಗೆ ಹಾಕಿದ. ನನಗೆ ಬೆನ್ನು ಮಾಡಿ ಕಣ್ಣು ಒರೆಸಿಕೊಂಡದ್ದು ಕಂಡಿತು, ಕಾಣದಂತೆ ಇದ್ದೆ.

ಹೊರಡುವ ಮೊದಲು ಗೋಡೆ ಕೆರೆಸಿ, ಹೊಸ ಪಂಪು ಎರಡು ಕೊಡಿಸಿ, ಒಂದನ್ನು ಜಲಜಕ್ಕನ ಮೊಳೆಗೆ ನಾನೇ ತೂಗುಹಾಕಿದೆ. ಒಂದು ಟಿಕೆಟ್ ರದ್ದುಮಾಡಿದೆ. ಸ್ಟೇಷನ್ನಿಗೆ ಬರುವುದು ಬೇಡವೆಂದು ಅಣ್ಣನಿಗೆ ಆಣೆ ಹಾಕಿದ್ದರಿಂದ ಅವನು ಗ್ಯಾಲರಿಯಲ್ಲೇ ನಿಂತ. ಮಳೆಯಲ್ಲಿ ತಿರುವಿನವರೆಗೂ ಹಿಂತಿರುಗಿ ನೋಡುತ್ತ ನಡೆದು ಎರಡು ಸಲ ಜನರಿಗೆ ಡಿಕ್ಕಿ ಹೊಡೆದೆ.

ಮಾಡಿದ್ದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಮುಂಬಯಿಯಲ್ಲಿ ಭಾರೀ ಮಳೆ ಎಂದು ಟಿವಿಯಲ್ಲಿ ಬಂದರೆ ಸಾಕು, ಕೈ ಫೋನಿಗೆ ಹೋಗುತ್ತದೆ. ಫೋನ್ ಮಾಡುವುದು ಜಲಜಕ್ಕನಿಗೆ; ಅಣ್ಣನಿಗಲ್ಲ, ಅವನು ಆರಾಮ ಅದೀನಿ ಎನ್ನುವವನೇ. “ಇವತ್ತು ಎರಡು ಸಲ ಕೆಮ್ಮಿದ್ರು ಸುವರ್ಣಕ್ಕ, ಬಿಸಿನೀರು ಕೊಟ್ಟೆ, ಈಗ ಇಲ್ಲೇ ಕೂತು ಕಾಕಾನ ಹತ್ರ ಜಗಳ ಮಾಡ್ತಾ ಇದ್ದಾರೆ,” ಎನ್ನುತ್ತಾರೆ. ಹಿಂದಿನಿಂದ ಅವನ ದನಿ ಕೇಳಿಸುತ್ತದೆ. ಅಷ್ಟು ಕೇಳಿದ ಮೇಲೆ ನನಗೆ ಊಟ ಸೇರುತ್ತದೆ.