ನೂರು ಮೀಟರಿಗೆ ಒಂದು ಸೆಕೆಂಡು ಹೆಚ್ಚು

ವಾಚಿನ ಹಿಂಬದಿಯ ಮುಚ್ಚಳದ ಅಂಚಿನಲ್ಲಿ, ಅದನ್ನು ತೊಳೆದ ಪೆಟ್ರೋಲಿನ ವಾಸನೆ ಇನ್ನೂ ಆರಿರಲಿಲ್ಲ. ಕಳೆದ ವಾರ ಮೂಡುಬಿದಿರೆಯ ಅಂಗಡಿಯಿಂದ ರಿಪೇರಿಯಾಗಿ ಬಂದ ವಾಚನ್ನು ಕೈಗೆ ಕಟ್ಟುವ ಮೊದಲು ಒಮ್ಮೆ ಮೂಗಿನ ಹತ್ತಿರ ಹಿಡಿದೆ. ತರಗತಿಗೆ ಹೊತ್ತಾಗಿತ್ತು. ಆದರೂ ಅಧ್ಯಾಪಕರ ಕೋಣೆಯಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ...

ಬಂಟ್ವಾಳ ಪೇಟೆಯಿಂದ ನಮ್ಮ ಮನೆಯ ಕಡೆ ತಿರುಗುವ ಓಣಿಯ ಮೂಲೆಯಲ್ಲಿ ಇದೇ ವಾಸನೆಯ ಒಂದು ವಾಚ್ ರಿಪೇರಿ ಅಂಗಡಿಯಿತ್ತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅಂಗಡಿಯವರನ್ನು ನಾವೆಲ್ಲ ವಾಚಿನ ಕಾಕ ಎನ್ನುತ್ತಿದ್ದೆವು. ಮೇಜಿನ ಗಾಜಿನ ಕೆಳಗೆ ಪತ್ರಿಕೆಗಳಿಂದ ಕತ್ತರಿಸಿದ ಓಟಗಾರರ ಚಿತ್ರಗಳು. ಎಲ್ಲರೂ ನೂರು, ಇನ್ನೂರು ಮೀಟರಿನವರು. ದೂರದ ಓಟದವರಿಗೆ ಅಲ್ಲಿ ಜಾಗವಿರಲಿಲ್ಲ.

“ಅದನ್ನು ನೋಡ್ಲಿಕ್ಕೆ ಹೋದ್ರೆ ನಡುವೆ ಚಾ ಕುಡಿದು ಬರಬಹುದು ಮಾರಾಯ್ತಿ. ಇದ್ರಲ್ಲಿ ಕಣ್ಣು ಮುಚ್ಚಿ ತೆಗೆದ್ರೆ ಮುಗೀತು” ಎನ್ನುತ್ತಿದ್ದರು.

ಮುಂಬಯಿಯ ಗುಜರಿಯಲ್ಲಿ ಸಿಕ್ಕಿದ ಒಂದು ಸ್ಟಾಪ್‌ವಾಚನ್ನು ಅವರೇ ಸರಿಪಡಿಸಿ ಇಟ್ಟುಕೊಂಡಿದ್ದರು. ಪ್ರತಿ ಡಿಸೆಂಬರಿನಲ್ಲಿ ತಾಲೂಕಿನ ಶಾಲಾ ಕ್ರೀಡಾಕೂಟಕ್ಕೆ ಸಮಯ ಹಿಡಿಯಲು ಅವರಿಗೆ ಕರೆ ಬರುತ್ತಿತ್ತು. ಆ ಒಂದು ದಿನಕ್ಕಾಗಿ ಅವರು ವರ್ಷವಿಡೀ ಕಾಯುತ್ತಿದ್ದರೆಂದು ಈಗ ಅನಿಸುತ್ತದೆ. ಅವರಿಗೆ ಕಿವಿ ಮಂದ. ಆದರೆ ಆ ಕೆಲಸಕ್ಕೆ ಕಿವಿ ಬೇಕಾಗಿರಲಿಲ್ಲ. ಪಿಸ್ತೂಲಿನ ಸದ್ದು ಮೈದಾನದ ಈ ತುದಿಗೆ ಬರುವಾಗ ತಡವಾಗಿರುತ್ತದೆ. ಅಲ್ಲಿ ಹೊಗೆ ಕಂಡೊಡನೆ ಇಲ್ಲಿ ಗುಂಡಿ ಒತ್ತಬೇಕು. ಕಾಕ ಹಾಗೆಯೇ ಒತ್ತುತ್ತಿದ್ದರು.

ಒಂದು ವರ್ಷ ಪಿಸ್ತೂಲಿನ ತೋಟೆಗಳು ಒದ್ದೆಯಾಗಿ ಕೈಕೊಟ್ಟವು. ಕೂಟ ನಡೆಸುತ್ತಿದ್ದ ಹೈಸ್ಕೂಲಿನ ಡ್ರಿಲ್ ಮಾಸ್ಟರು ಯಾರದೋ ಮದುವೆಯಲ್ಲಿ ಉಳಿದ ಗರ್ನಾಲುಗಳನ್ನು, ಎಂದರೆ ದಪ್ಪ ಪಟಾಕಿಗಳನ್ನು, ತರಿಸಿದರು. ಗರ್ನಾಲಿಗೆ ಬತ್ತಿಯಿರುತ್ತದೆ. ಮೊದಲು ಹೊಗೆ, ಆಮೇಲೆ ಸದ್ದು. ಕಾಕ ರೂಢಿಯಂತೆ ಹೊಗೆಗೆ ಒತ್ತಿದರು. ಮಕ್ಕಳು ಓಡಿದ್ದು ಸದ್ದಿಗೆ. ನೂರು ಮೀಟರಿಗೆ ಅವರ ವಾಚಿನಲ್ಲಿ ಒಂದು ಸೆಕೆಂಡು ಹೆಚ್ಚು ಬಂತು. ಕಾಕನ ಕಿವಿ ಪೂರ್ತಿ ಹೋಯಿತು, ಇನ್ನು ಅವರನ್ನು ಕರೆಯುವುದು ಬೇಡ ಎಂದು ಡ್ರಿಲ್ ಮಾಸ್ಟರು ತೀರ್ಮಾನಿಸಿದರು. ಬತ್ತಿಯ ವಿಷಯವನ್ನು ಕಾಕ ಎಷ್ಟು ಸಲ ಹೇಳಿದರೂ ಅವರು ನಕ್ಕುಬಿಡುತ್ತಿದ್ದರು.

ಮರುವರ್ಷ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಒಂದು ತಿಂಗಳ ಮೊದಲೇ ಕಾಕನಿಗೆ ಅದೇ ಮಾತು. ಗಿರಾಕಿಗಳ ವಾಚು ಬಿಚ್ಚಿಟ್ಟು ಹುಡುಗಿಯರ ನೂರು ಮೀಟರಿನ ವಿಷಯ ಮಾತಾಡುತ್ತಿದ್ದರು. ಪಕ್ಕದ ಹೋಟೆಲಿಗೆ ಚಾಕ್ಕೆ ಬಂದ ಡ್ರಿಲ್ ಮಾಸ್ಟರು ಒಂದು ಸಂಜೆ ಕೆಣಕಿದರು.

“ರೇಡಿಯೋ ಇಟ್ಟು ಸಮಯ ಹಿಡೀರಿ ನೋಡುವ. ಅವರು ಹೇಳುವ ಸಮಯಕ್ಕೆ ಸೆಕೆಂಡಿನ ಹತ್ತರಲ್ಲೆರಡು ಭಾಗದೊಳಗೆ ಬಂದ್ರೆ ಈ ಡಿಸೆಂಬರಿಗೆ ನಿಮ್ಮನ್ನೇ ಕರೀತೇನೆ.”

ಮಂಗಳೂರಿನ ಕಾಲೇಜಿನಿಂದ ಬಸ್ಸಿಳಿದು ಬರುತ್ತಿದ್ದ ನನ್ನನ್ನು ಕಾಕ ಕರೆದರು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. “ನಿನಗೆ ಇಂಗ್ಲಿಷೂ ಬರ್ತದೆ, ಹಿಂದಿಯೂ ಬರ್ತದೆ. ನೀನು ಕೇಳು ಮೋಳೆ, ಮಗಳೇ. ಹೊಗೆಯ ಬದಲು ನಿನ್ನ ಕೈ.”

ಗುಂಡಿನ ಸದ್ದಿಗೆ ಕೈ ಇಳಿಸುವುದು, ಮತ್ತೆ ಎತ್ತಿ ಹಿಡಿಯುವುದು, ಓಟ ಮುಗಿದಾಗ ಪುನಃ ಇಳಿಸುವುದು. ಗೋಡೆಯ ಗಡಿಯಾರ ನೋಡಿಕೊಂಡು ಹತ್ತು ದಿನ ಅಭ್ಯಾಸ ಮಾಡಿದೆವು. ಪೇಟೆಯ ಎದುರು ಕೈಯೆತ್ತಿ ನಿಲ್ಲಲು ನನಗೆ ನಾಚಿಕೆ. ಅವರ ಹೆಬ್ಬೆರಳು ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಆ ದಿನ ಅಂಗಡಿಯ ಮುಂದೆ ಡ್ರಿಲ್ ಮಾಸ್ಟರು, ಹೋಟೆಲಿನವರು, ಇನ್ನೂ ನಾಲ್ಕೈದು ಜನ. ಕಾಕ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತಿದ್ದರು. ಗುಂಡು ಕೇಳಿಸಿತು, ಕೈ ಇಳಿಸಿದೆ, ಎತ್ತಿದೆ. ಅಷ್ಟರಲ್ಲಿ ವೀಕ್ಷಕ ವಿವರಣೆಯವರ ದನಿ ಕಿರುಚಾಟವಾಯಿತು. ನಮ್ಮ ದೇಶದ ಹುಡುಗಿಯ ಹೆಸರು ಮತ್ತೆ ಮತ್ತೆ... ಗೆದ್ದಳೇ, ಗೆದ್ದಳೇ ಎಂದು ನಾನು ಕಿವಿಗೊಟ್ಟು ನಿಂತುಬಿಟ್ಟೆ. ಕೈ ಮೇಲೆಯೇ ಇತ್ತು. ನೆನಪಾಗಿ ಇಳಿಸಿದೆ. ಕಾಕ ಆ ಕ್ಷಣವೇ ಒತ್ತಿದರು.

ಎರಡನೆಯ ಸ್ಥಾನ. ಸ್ವಲ್ಪ ಹೊತ್ತಿನಲ್ಲಿ ಗೆದ್ದವಳ ಸಮಯ ಹೇಳಿದರು. ಕಾಕನ ವಾಚಿನಲ್ಲಿ ಒಂದು ಸೆಕೆಂಡು ಹೆಚ್ಚಿತ್ತು.

“ಕಾಕಾ, ಪುನಃ ಅದೇ ಒಂದು ಸೆಕೆಂಡು!” ಎಂದು ಡ್ರಿಲ್ ಮಾಸ್ಟರು ತೊಡೆ ತಟ್ಟಿದರು.

ಕಾಕ ವಾಚನ್ನು ತಿರುಗಿಸಿ ತಿರುಗಿಸಿ ನೋಡಿದರು. “ಸದ್ದು ಡೆಲ್ಲಿಯಿಂದ ಬರ್ಬೇಕಲ್ಲ ಮಾಸ್ಟ್ರೇ. ನಮ್ಮ ಬಸ್ಸಿನ ಹಾಗೆ ಫರಂಗಿಪೇಟೆಯಲ್ಲಿ ಜನ ಹತ್ತಿಸ್ಲಿಕ್ಕೆ ನಿಂತಿರ್ಬೇಕು.”

ಎಲ್ಲರೂ ನಕ್ಕರು. ಅಷ್ಟು ಜನರ ನಡುವೆ ನಿಜ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಕಾಕ ನನ್ನ ಮುಖ ನೋಡಿದರು. ನಮ್ಮ ಹುಡುಗಿ ಎರಡನೆಯವಳಾದಳೆಂದು ಎಲ್ಲರಿಗೂ ಚಾ ಹೇಳಿದರು. ನನಗೆ ಸಕ್ಕರೆ ಹೆಚ್ಚು ಹಾಕಲು ಹೇಳಿದರು.

ಕಾಕ ತೀರಿಕೊಂಡು ಎರಡು ವರ್ಷವಾಯಿತು. ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಅಮ್ಮನ ಕಾಗದದ ಕೊನೆಯಲ್ಲಿ, ಮನೆಯ ಸುದ್ದಿಗಳೆಲ್ಲ ಮುಗಿದ ಮೇಲೆ, ಒಂದು ಸಾಲು ಇತ್ತು. ಉತ್ತರ ಬರೆಯುವಾಗ ಆ ಸಾಲನ್ನು ಬಿಟ್ಟುಬಿಟ್ಟೆ. ಅಂಗಡಿಯಲ್ಲಿ ಈಗ ಕ್ಯಾಸೆಟ್ ಮಾರುತ್ತಾರೆ. ಊರಿಗೆ ಹೋದಾಗ ಆ ಮೂಲೆ ಬಂದರೆ ಇಂದಿಗೂ ನನ್ನ ನಡಿಗೆ ನಿಧಾನವಾಗುತ್ತದೆ...

ಓಟದ ದಿನ ಅಂಗಡಿಯ ಮುಂದೆ ಹೇಳಲಾಗದ್ದನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಮೊದಲು ಡ್ರಿಲ್ ಮಾಸ್ಟರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕ್ರೀಡಾಕೂಟದ ಕಾಗದಗಳನ್ನು ಹರಡಿಕೊಂಡಿದ್ದರು. ತಡವಾದದ್ದು ನನ್ನ ಕೈ, ಕಾಕನ ಬೆರಳಲ್ಲ ಎಂದೆ. ಹಿಂದಿನ ವರ್ಷದ ಕೂಟದ ಬಗ್ಗೆ ದಾರಿಯಲ್ಲಿ ಹೊಳೆದ ಇನ್ನೊಂದನ್ನೂ ಹೇಳಿದೆ. ಕಿವಿ ಕೇಳದವರು ವಾಚನ್ನು ತಡವಾಗಿ ಶುರು ಮಾಡುತ್ತಾರೆ. ಅವರ ಸಮಯ ಕಡಿಮೆ ಬರಬೇಕು, ಹೆಚ್ಚು ಬರುವುದು ಹೇಗೆ?

ಅವರು ಗಾಳಿಯಲ್ಲಿ ಎರಡು ಸಲ ಹೆಬ್ಬೆರಳು ಒತ್ತಿ ನೋಡಿಕೊಂಡರು. “ಹೌದಲ್ಲ ಮಾರಾಯ್ತಿ...” ಎಂದರು. ಆಮೇಲೆ ಪೆನ್ನು ಹುಡುಕಿದರು. ನನ್ನದನ್ನು ಕೊಟ್ಟೆ. ಸಮಯ ಹಿಡಿಯುವವರ ಪಟ್ಟಿಯಲ್ಲಿ ಕಾಕನ ಹೆಸರು ಪೂರ್ತಿ ಬರೆದು ಮುಗಿಯುವವರೆಗೆ ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಪುಸ್ತಕಗಳನ್ನು ಎದೆಗೊತ್ತಿಕೊಂಡು, ಪೇಟೆಯ ಜನರೆಲ್ಲ ನೋಡುತ್ತಿದ್ದಂತೆ, ಓಡಿದೆ.