ಓಡಿಸ್ಬೋದು, ಓಡಿಸ್ಬಾರ್ದು

ಮುನಿರಾಜಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. "ಡಾಕ್ಟ್ರು ಬಂದ್ರು, ಅಂಗಿ ಬಿಚ್ರೋ" ಎಂದು ಹುಡುಗರು ಕಿಚಾಯಿಸಿದರೆ, "ನಿಮ್ಮೊಳಗೆ ಕೇಳಾಕೆ ಏನೈತೆ, ಬರೀ ಗಾಳಿ" ಎನ್ನುತ್ತಿದ್ದರು. ಜಾಲಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತಿ ಕತ್ತರಿಸುವ ಪ್ರೆಸ್ ಶಾಪಿನಲ್ಲಿ ಅವರು ಫಿಟ್ಟರ್, ನಾನು ಶಿಫ್ಟಿನ ಸೂಪರ್‌ವೈಸರ್. ಅವರು ಕಿವಿಗೊಟ್ಟು ಸರಿ ಎನ್ನದೆ ಯಾವ ಪ್ರೆಸ್ಸಿಗೂ ನಾನು ಆಳು ಕೂರಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೂರನೇ ಪ್ರೆಸ್ಸಿನ ಬಳಿಯಿಂದ ಅವರು ಏನೋ ಕೂಗಿದರು. ಸುತ್ತಲೂ ಉಳಿದ ಪ್ರೆಸ್ಸುಗಳ ಗದ್ದಲ. ನನಗೆ ಕೇಳಿಸಿದ್ದು "ಓಡಿಸ್ಬೋದು". ಆಪರೇಟರ್ ನಾಗರಾಜನನ್ನು ಅದಕ್ಕೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈ ಹೋಯಿತು. ಯಾರೋ ಮೇನ್ ಸ್ವಿಚ್ ಎಳೆದರು. ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತವು.

"ಓಡಿಸ್ಬಾರ್ದು" ಅಂದಿದ್ದರೇ? ವಿಚಾರಣೆಯಲ್ಲಿ ಅವರು, "ಓಡಿಸ್ಬೋದು ಅಂದೆ ಸಾರ್, ನಂದೇ ತಪ್ಪು" ಎಂದುಬಿಟ್ಟರು. ಅವರನ್ನು ಸ್ಟೋರ್ಸಿಗೆ ಹಾಕಿದರು. ಅಲ್ಲಿ ಕಿವಿಗೆ ಕೆಲಸವಿರಲಿಲ್ಲ. ನನಗೆ ಬಡ್ತಿ ಬಂತು. ಆ ಬೆಳಿಗ್ಗೆಯನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ಈಗ ಎರಡೂ ಮಾತು ಅವರ ದನಿಯಲ್ಲೇ ಕೇಳಿಸುತ್ತವೆ.

ಕಾರ್ಖಾನೆ ಮುಚ್ಚಿತು. ಪ್ರೆಸ್ ಶಾಪು ಪಾರಂಪರಿಕ ಕಟ್ಟಡವಾಯಿತು. ಹೋದ ವರ್ಷ, ದೇಶದೇಶ ಸುತ್ತುವ ವಿದೇಶಿ ಆರ್ಕೆಸ್ಟ್ರಾವೊಂದು ಅಲ್ಲಿ ನುಡಿಸಲು ಬಂದಾಗ ಹಳೇ ನೌಕರರಿಗೂ ಪಾಸ್ ಕೊಟ್ಟರು.

"ಅಷ್ಟೂ ಜನ ದುಡೀತಾವ್ರೆ, ಒಬ್ಬ ಮಾತ್ರ ಕಡ್ಡಿ ಆಡಿಸ್ತಾವ್ನೆ," ಪಕ್ಕದಲ್ಲಿದ್ದ ಮುನಿರಾಜಣ್ಣ ಗೊಣಗಿದರು. "ನಿಮ್ಮಂಗೇ ಸೂಪರ್‌ವೈಸರ್ರು ಇರ್ಬೇಕು ಸಾರ್."

ಅವರಿಗೆ ಕಿವಿ ಮಂದವಾಗಿತ್ತು. ಚಪ್ಪಲಿ ಬಿಟ್ಟು, ಅದುರು ಸಿಗಲೆಂದು ಅಂಗಾಲನ್ನು ನೆಲಕ್ಕೆ ಊರಿ ಕೂತಿದ್ದರು. ಪಿಟೀಲು, ತುತ್ತೂರಿ, ನಗಾರಿ ಎಲ್ಲ ಸೇರಿ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತವು. ಮುಗಿದಿರಲಿಲ್ಲ, ನಡುವಿನದೊಂದು ಮೌನ ಅಷ್ಟೇ.

ಮುನಿರಾಜಣ್ಣ ಎದ್ದು ನಿಂತು ಕಿರುಚಿದರು: "ಯಾರ್ ಕೈ? ಯಾರ್ ಕೈಲಾ ಹೋಗಿದ್ದು?"

ಮುಂದಿನವರು ನಕ್ಕರು. ಹಳೇ ನೌಕರರ ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ವಾದ್ಯಗಳು ಮತ್ತೆ ಶುರುವಾದವು. ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ. ಇಷ್ಟು ವರ್ಷ ಕೇಳದ್ದನ್ನು, ಗೇಟಿನ ಬಳಿ ಅವರ ಕಿವಿಗೆ ಬಾಯಿಟ್ಟು ಕೇಳಿದೆ.

"ಅವತ್ತು ಏನಂದ್ರಿ ಮುನಿರಾಜಣ್ಣ?"

"ನಿಮ್ಗೇನ್ ಕೇಳಿಸ್ತು ಸಾರ್?"

"ಓಡಿಸ್ಬೋದು."

"ಅಂಗಾದ್ರೆ ಅದೇ ಅಂದಿರ್ತೀನಿ ಬುಡಿ."

ಎರಡು ತಿಂಗಳಿಗೆ ತೀರಿಕೊಂಡರು. ಮಣ್ಣಿಗೆ ನಾಗರಾಜ ಬಂದಿದ್ದ. ಎಡಗೈಯಲ್ಲಿ ಮಣ್ಣು ಹಾಕಬಾರದೆಂದು ಹಿರಿಯರೊಬ್ಬರು ತಡೆದರು. "ಇರೋದು ಇದೊಂದೇ ಕಣಣ್ಣ" ಎಂದು ಹಾಕಿದ. ಆಮೇಲೆ ಪಕ್ಕಕ್ಕೆ ಸರಿದು, "ಬನ್ನಿ ಸಾರ್, ನೀವು" ಎಂದ.

ನಾನೂ ಎಡಗೈಯಲ್ಲೇ ಮಣ್ಣು ಹಾಕಿದೆ. ಬಲಗೈಯನ್ನು ಜೇಬಿನಿಂದ ತೆಗೆಯಲಿಲ್ಲ.