ಹನ್ನೆರಡು ಬಾರಿನ ಅಳಿಯ

ನನ್ನ ಹೆಂಡತಿ ಹಿಂದೂಪುರದ ನಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಹೊಲಿಸಲು ಬರುವವರು ಅದನ್ನು ಬ್ಲೌಸ್ ಎನ್ನುತ್ತಿದ್ದರು. ಕಲ್ಯಾಣದುರ್ಗದ ತವರಿನಿಂದ ತಂದ ನಾಲಿಗೆಯಲ್ಲಿ ಅವಳು ‘ಬ್ಲೂಸು’ ಎನ್ನುತ್ತಿದ್ದಳು. ಹೊಸ ಮಾದರಿಯ ಕತ್ತು, ತೋಳು ಕಲಿಯುವ ಆಸೆಯಿಂದ ಒಮ್ಮೆ ಫೋನನ್ನು ಬಾಯಿಯ ಹತ್ತಿರ ಹಿಡಿದು “ಬ್ಲೂಸ್ ಬುಕ್” ಎಂದಳು. ಫೋನು ಅವಳ ಮಾತನ್ನು ನಂಬಿತು. ಪರದೆಯ ಮೇಲೆ ಉಗುರಿನಷ್ಟು ಚಿತ್ರ. ಅದರಲ್ಲಿದ್ದ ಗಿಟಾರಿನ ಸೊಂಟ ಅವಳಿಗೆ ರವಿಕೆಯ ಪಕ್ಕದ ಕಟಿಂಗ್‌ನಂತೆ ಕಂಡಿತಂತೆ. ಒತ್ತಿಬಿಟ್ಟಳು.

ಬಂದ ಪುಸ್ತಕದ ಮುಖಪುಟದಲ್ಲಿ, ಅಂಗಿಯ ಗುಂಡಿಯನ್ನೂ ಪೂರ್ತಿ ಹಾಕದ ಒಬ್ಬ ಗಂಡಸು ಗಿಟಾರು ತಬ್ಬಿಕೊಂಡು ಕಣ್ಣು ಮುಚ್ಚಿದ್ದ.

“ಏನೇ ಇದು?” ಎಂದೆ.

“ಬ್ಲೂಸೇ ಕಣಪ್ಪ. ಬರ್ದೈತೆ ನೋಡು.”

“ವಾಪಸ್ ಕಳ್ಸು.”

“ಕಳ್ಸಬೇಕಂದ್ರೆ ಮತ್ತೆ ಆ ಫೋನ್ ತಾವ ಮಾತಾಡ್ಬೇಕು. ಈ ಸತಿ ಏನ್ ತಂದ್ ಹಾಕುತ್ತೋ. ನೀನೇ ಕಲ್ತ್ಕ. ನಾನ್ ಮಿಷನ್ ತುಳೀತೀನಿ, ನೀನ್ ಬಾರ್ಸು.”

ಆಮೇಲೆ ಆ ಪುಸ್ತಕದ ಅಂಚು ಹಿಡಿದು ಬಟ್ಟೆಯ ಮೇಲೆ ಚಾಕ್‌ಪೀಸಿನ ಗೆರೆ ಎಳೆಯುತ್ತಿದ್ದಳು. ಗೆರೆ ನೆಟ್ಟಗೆ ಬರುತ್ತಿತ್ತು. ಅಷ್ಟರಮಟ್ಟಿಗೆ ಅದು ಹೊಲಿಗೆಯ ಪುಸ್ತಕವೇ ಆಯಿತು.

ಅದಾದ ಸ್ವಲ್ಪ ಕಾಲಕ್ಕೆ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಇದಕ್ಕಿಂತ ಉದ್ದವಾಗಿ ಅದನ್ನು ಬರೆಯಲು ನನಗೆ ಬರುವುದಿಲ್ಲ.

ದುಃಖದ ಮನೆಗೆ ಬರುವವರೆಲ್ಲ ಸಲಹೆ ತರುತ್ತಾರೆ. ಒಬ್ಬರು ಯೋಗ ಮಾಡು ಅಂದರು, ಇನ್ನೊಬ್ಬರು ಮೇಕೆ ಸಾಕು ಅಂದರು. ಲೇಪಾಕ್ಷಿಯಿಂದ ಬಂದ ದೂರದ ನೆಂಟರೊಬ್ಬರು ಕಾಫಿ ಮುಗಿಸುವುದರೊಳಗೆ ಒಂದು ಹೆಣ್ಣಿನ ಫೋಟೋ ತೋರಿಸಿದರು. ಅವರು ಹೋದ ಮೇಲೆ, ಚಾಕ್‌ಪೀಸಿನ ಪುಡಿ ಹತ್ತಿದ್ದ ಆ ಪುಸ್ತಕವನ್ನು ಮೊದಲ ಸಲ ತೆರೆದೆ. ನನ್ನ ಇಂಗ್ಲಿಷ್ ಹತ್ತನೇ ತರಗತಿಯದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಂಥದ್ದು. ಆದರೂ ಮೊದಲ ಪುಟ ಅರ್ಥವಾಯಿತು. ಬ್ಲೂಸ್ ಎಂಬುದು ಅಮೆರಿಕದ ಒಂದು ದುಃಖದ ಸಂಗೀತ, ಅದನ್ನು ಕಲಿಯಲು ವಿದ್ಯೆ ಬೇಡ, ಸ್ವರಜ್ಞಾನ ಬೇಡ, ನೋವು ಇದ್ದರೆ ಸಾಕು ಎಂದಿತ್ತು. ನೋವಿಲ್ಲದವರು ಬಿಟ್ಟುಹೋದ ಹಳೆಯ ಪ್ರೇಯಸಿಯನ್ನೋ, ತಪ್ಪಿಹೋದ ರೈಲನ್ನೋ ನೆನಪು ಮಾಡಿಕೊಳ್ಳಬಹುದಂತೆ. ನನ್ನ ಜೀವಮಾನದಲ್ಲಿ ನನಗೆ ಪೂರ್ತಿ ಅರ್ಹತೆ ಇದ್ದ ಮೊದಲ ಕೋರ್ಸು ಇದು. ಮಾರನೆಯ ವಾರ ಗಿಟಾರು ಕೊಂಡೆ.

ಪುಸ್ತಕ ಒಂದರಿಂದಲೇ ಆಗುವಂತೆ ಕಾಣಲಿಲ್ಲ. ಪರಿಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹಿಂದೂಪುರದ ಒಂದು ಮಹಡಿಯ ಕೋಣೆಯಲ್ಲಿ ಗಿಟಾರು, ಕೀಬೋರ್ಡು ಹೇಳಿಕೊಡುವ ಮಾಸ್ಟರರ ಬಳಿ ಸೇರಿಕೊಂಡೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಪುಸ್ತಕ ತೋರಿಸಿದಾಗ ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡರು.

“ಇದ್ಯಾಕಣ್ಣಾ? ನನ್ನ್ ತಾವ ಸಿನ್ಮಾ ಹಾಡು ಐತೆ, ಭಜನೆ ಐತೆ. ಸ್ಕೂಲ್ ಡೇಗೆ ಬೇಕಾದ್ದೆಲ್ಲ ಐತೆ.”

“ನಂಗೆ ಸ್ಕೂಲ್ ಡೇ ಇಲ್ಲ ಸಾರ್. ಇದ್ರಾಗೆ ನೋವಿಂದ ಬಾರ್ಸು ಅಂತ ಬರ್ದೈತೆ.”

“ನೋವು ಇವಾಗ್ಲೇ ಬ್ಯಾಡಣ್ಣಾ. ಫಸ್ಟು ಸರಿಗಮ. ನೋವೆಲ್ಲ ಥರ್ಡ್ ಇಯರ್.”

ಹೀಗೆ ನನಗೆ ಇಬ್ಬರು ಗುರುಗಳಾದರು, ಇಬ್ಬರಿಗೂ ಆಗುತ್ತಿರಲಿಲ್ಲ. ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆ, ಸ್ವರ ಅಳಬೇಕು ಎಂದು ಪುಸ್ತಕ ಹೇಳುತ್ತಿತ್ತು. ಎಳೆದರೆ “ಶ್ರುತಿ ಹೋಯ್ತದೆ, ನಿಧಾನಂಗಾ ಅಣ್ಣಾ” ಎಂದು ಮಾಸ್ಟರು ಮುಖ ಸಿಂಡರಿಸುತ್ತಿದ್ದರು. ನಾನು ಕೆಲಸ ಮಾಡುವುದು ಹುಣಸೆಹಣ್ಣಿನ ಮಂಡಿಯಲ್ಲಿ. ತಂತಿ ಕೊಯ್ದ ಬೆರಳ ತುದಿಗೆ ದಿನವಿಡೀ ಹುಣಸೆಯ ಹುಳಿ ತಾಗಿ ಉರಿಯುತ್ತಿತ್ತು. ನೋವು ಮೂರನೇ ವರ್ಷದವರೆಗೆ ಕಾಯಲಿಲ್ಲ.

ಕೊನೆಗೆ ಮಾಸ್ಟರು ಸೋತು, ಪುಸ್ತಕದ ಒಂದು ಪಾಠ ಹೇಳಿಕೊಡಲು ಒಪ್ಪಿದರು. ನಾಲ್ಕು ಎಣಿಕೆಗೆ ಒಂದು ಬಾರ್. ಅಂಥ ಹನ್ನೆರಡು ಬಾರ್ ಸೇರಿದರೆ ಒಂದು ಸುತ್ತು. ಐದನೆಯದರಲ್ಲಿ ಬೆರಳು ಜಾಗ ಬದಲಿಸಬೇಕು, ಒಂಬತ್ತನೆಯದರಲ್ಲಿ ಇನ್ನೂ ಕಷ್ಟದ ಜಾಗಕ್ಕೆ ಹೋಗಬೇಕು, ಹನ್ನೆರಡು ಮುಗಿದರೆ ನಿಲ್ಲಿಸದೆ ಮತ್ತೆ ಮೊದಲಿನಿಂದ. ನಡೆ ಮಾತ್ರ ಕುಂಟಬೇಕು. ರೈಲನ್ನು ನೆನೆದುಕೊಂಡು ಕಾಲಿನಿಂದ ನೆಲ ತಟ್ಟು ಎಂದಿತ್ತು ಪುಸ್ತಕ. ರೈಲು ನನಗೆ ಒದಗಲಿಲ್ಲ. ಒಂದು ಸಂಜೆ ಕೂರಲು ಬೇರೆ ಜಾಗವಿಲ್ಲದೆ ಹೆಂಡತಿಯ ಸ್ಟೂಲಿನ ಮೇಲೆ ಕೂತೆ. ಕಾಲು ತಾನಾಗಿ ಮಿಷನ್ನಿನ ಪೆಡಲಿನ ಮೇಲೆ ಹೋಯಿತು. ಟಕ್ಕ ಟಕ, ಟಕ್ಕ ಟಕ. ಪುಸ್ತಕ ಕೇಳುತ್ತಿದ್ದ ಕುಂಟು ನಡೆ ಅದೇ ಆಗಿತ್ತು.

ಆಗಲೇ ಕಲ್ಯಾಣದುರ್ಗದಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. ಅಕ್ಕನ ವರ್ಷದ ತಿಥಿ ಹತ್ತಿರ ಬಂದಿತ್ತು. ಅದನ್ನು ಅವಳ ತವರಿನಲ್ಲಿ ಮಾಡುವುದು, ಅವಳ ಫೋಟೋದ ಮುಂದೆ ಹೊಸ ಸೀರೆ, ರವಿಕೆ ಬಟ್ಟೆ, ಅವಳಿಗೆ ಇಷ್ಟವಾದ ತಿಂಡಿ ಇಟ್ಟು ಗಂಡನಾದ ನಾನು ಎಡೆ ಹಾಕುವುದು ಎಂದು ಮೊದಲೇ ಮಾತಾಗಿತ್ತು. ಆ ವರ್ಷವೆಲ್ಲ ನಾನು ಕಾದದ್ದು ಅದೊಂದಕ್ಕೆ.

“ಏನ್ ಮಾಡ್ತಿದ್ದೀಯ ಬಾವ?”

ನನ್ನದು ಮಾತು ಕಡಿಮೆ. ಇದ್ದದ್ದನ್ನು ಹೇಳಿದೆ. “ದಿನಾ ಹನ್ನೆರಡು ಬಾರ್ ಕಣಪ್ಪ. ಈಗ ನಾಕು ಮುಗ್ದೈತೆ.”

“ಹನ್ನೆರಡಾ ಬಾವ?”

“ಹೂಂ. ಐದನೇದ್ರಾಗೆ ಕೈ ನಡುಗ್ತೈತೆ. ಒಂಬತ್ತನೇದ್ರಾಗೆ ಬಿದ್ದೇ ಹೋಯ್ತೀನಿ.”

“ಬೀಳ್ದೆ ಇನ್ನೇನ್ ಬಾವ. ಯಾರಾದ್ರೂ ಜತೀಗವ್ರಾ?”

“ಮಾಸ್ಟರ್ ಇರ್ತಾರೆ. ಬಿದ್ರೂ ಬಿಡಲ್ಲ, ಮತ್ತೆ ಮೊದ್ಲಿಂದ ಅಂತಾರೆ.”

ಈ ಸುದ್ದಿ ಕಲ್ಯಾಣದುರ್ಗವನ್ನು ಸುತ್ತಿ ಸೆಟ್ಟೂರಿನ ನೆಂಟರನ್ನೂ ಮುಟ್ಟಿತು. ಹೆಂಡತಿ ಸತ್ತ ದುಃಖಕ್ಕೆ ಹಿಂದೂಪುರದ ಅಳಿಯ ದಿನಕ್ಕೆ ಹನ್ನೆರಡು ಬಾರುಗಳಿಗೆ ಹೋಗುತ್ತಾನೆ, ಒಂಬತ್ತನೆಯದರಲ್ಲಿ ಬೀಳುತ್ತಾನೆ, ಎತ್ತಿ ಕೂರಿಸಲು ಒಬ್ಬ ಮೇಷ್ಟ್ರನ್ನು ಇಟ್ಟುಕೊಂಡಿದ್ದಾನೆ. ಹಿಂದೂಪುರದಲ್ಲಿ ಅಷ್ಟು ಬಾರುಗಳಿವೆಯೇ ಎಂದು ಯಾರೂ ಕೇಳಲಿಲ್ಲ. ನಮ್ಮ ಊರಿನ ಬಗ್ಗೆ ಅವರಿಗೆ ಅಷ್ಟು ಗೌರವವಿತ್ತು.

ನನ್ನ ಮಾವ ಕುಡಿದೇ ಹೋದವರು. ಹಾಗಾಗಿ ಅತ್ತೆ ಒಂದೇ ಮಾತು ಹೇಳಿ ಕಳಿಸಿದರು: ಅಳಿಯ ಬರಲಿ, ಉಣ್ಣಲಿ, ಕುಡಿಯುವ ಕೈ ಮಾತ್ರ ನನ್ನ ಮಗಳ ಎಡೆ ಮುಟ್ಟಕೂಡದು. ಎಡೆಯನ್ನು ತಮ್ಮ ಹಾಕುತ್ತಾನೆ.

ಫೋನಿನಲ್ಲಿ ವಿವರಿಸಲು ನೋಡಿದೆ. ಕುಡಿಯುವವರೆಲ್ಲ ಹೀಗೇ ವಿವರಿಸುತ್ತಾರೆ ಎಂದು ಉತ್ತರ ಬಂತು. ತಿಥಿಯ ದಿನ ಮಂಡಿಯ ಬೆಳಗಿನ ಕೆಲಸ ಮುಗಿಸಿ ಗಿಟಾರನ್ನೇ ಹೊತ್ತುಕೊಂಡು ಬಸ್ಸು ಹತ್ತಿದೆ. ಅದಕ್ಕೆ ನಾನೇ ಉಳಿದ ರವಿಕೆ ತುಂಡುಗಳಿಂದ ಗವಸು ಹೊಲಿದಿದ್ದೆ. ಹೊಲಿಗೆ ವಕ್ರವಾಗಿತ್ತು. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, “ಒಳಗೇನು, ಪಾಪನಾ?” ಎಂದು ತೆಲುಗಿನಲ್ಲಿ ಕೇಳಿದ.

ಅತ್ತೆ ಬಾಗಿಲಲ್ಲೇ ತಡೆದರು.

“ಊದಪ್ಪ.”

ಊದಿದೆ.

“ಹುಣಸೆಹಣ್ಣು ವಾಸ್ನೆ.”

“ಮಂಡಿಯಿಂದ ನೇರ ಬಂದೆ ಅತ್ತೆ.”

“ವಾಸ್ನೆ ಮುಚ್ಚಾಕೆ ಹುಣಸೆ ಅಗೀತಿದ್ರು ನಿಮ್ಮಾವ.”

“ಅಮ್ಮ, ಗಿಟಾರ್ ತಂದವ್ನೆ ನೋಡು,” ಎಂದ ಬಾಮೈದ.

“ನಿಮ್ಮಾವ ತಮಟೆ ತರ್ತಿದ್ರು. ಕುಡಿದ್ಮ್ಯಾಕೆ ಒಬ್ಬೊಬ್ರು ಒಂದೊಂದು ತರ್ತಾರೆ.”

ನಾನು ಜಗಲಿಯ ಮೇಲೆ ಕೂತು ಗವಸು ಬಿಚ್ಚಿದೆ. “ಹನ್ನೆರಡು ಬಾರ್ ಅಂದ್ರೆ ಇದು ಅತ್ತೆ. ಎಣಿಸ್ಕಳಿ,” ಎಂದು ಶುರು ಮಾಡಿದೆ. ಬಾಮೈದ ನಿಜವಾಗಿಯೂ ಬೆರಳು ಮಡಿಚಿ ಎಣಿಸಲು ನಿಂತ. ಒಳಗೆ ಅವಳಿಗೆ ಇಷ್ಟವಾದ ಉಗ್ಗಾನಿಗೆ ಮಂಡಕ್ಕಿ ನೆನೆಯುತ್ತಿತ್ತು, ಬಜ್ಜಿಗೆ ಎಣ್ಣೆ ಕಾಯುತ್ತಿತ್ತು. ನನ್ನ ಕಾಲು ಜಗಲಿಯ ಕಲ್ಲನ್ನು ಪೆಡಲೆಂದು ತಿಳಿದು ತುಳಿಯಿತು. ಐದನೆಯದು ದಾಟಿತು. ಒಂಬತ್ತನೆಯದರಲ್ಲಿ ಬೆರಳು ಜಾಗ ತಪ್ಪಿ ಬಿದ್ದೆ.

“ಬಿದ್ದ,” ಎಂದ ಬಾಮೈದ. ಅವನ ಮುಖದಲ್ಲಿ ಎಲ್ಲ ತಿಳಿದ ಕಳೆ ಬಂದಿತ್ತು.

ಅತ್ತೆಗೆ ಅದು ಬೇಕಿರಲಿಲ್ಲ. ಅವರು ನನ್ನ ಕಾಲನ್ನೇ ನೋಡುತ್ತಿದ್ದರು.

“ಇದು ಮಿಷನ್ ತುಳ್ದಂಗೈತಲ್ಲ,” ಎಂದರು.

“ಅವ್ಳ ಮಿಷನ್ ಮ್ಯಾಲೇ ಕಲ್ತಿದ್ದು ಅತ್ತೆ.”

ಅತ್ತೆ ಹೊಸಿಲ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಎಣ್ಣೆಯ ಹೊಗೆ ಎಂದು ಯಾರಿಗೋ ಹೇಳುವಂತೆ ಹೇಳಿದರು. ಆಮೇಲೆ ಕೇಳಿದರು: “ಅಂಗಾದ್ರೆ ಬಾರ್ ಅಂದ್ರೆ ಬಾರ್ಸೋದಾ?”

ಪುಸ್ತಕ ಬರೆದವನು ಇದನ್ನು ಒಪ್ಪುವುದಿಲ್ಲ. ಮಾಸ್ಟರೂ ಒಪ್ಪಲಾರರು. ನಾನು “ಹೂಂ ಅತ್ತೆ, ಬಾರ್ಸೋದು” ಎಂದೆ.

“ಹನ್ನೆರಡು ಆದ್ಮ್ಯಾಕೆ?”

“ಮತ್ತೆ ಮೊದ್ಲಿಂದ.”

“ಮುಗಿಯದೇ ಇಲ್ವಾ?”

“ಇಲ್ಲ.”

ಅವರು ಎದ್ದು ಒಳಗೆ ಹೋಗುತ್ತಾ ಹೇಳಿದರು, “ಬಜ್ಜಿ ಆಗೋವರ್ಗೂ ಬಾರ್ಸು. ಆಮ್ಯಾಕೆ ಕೈ ತೊಳ್ಕಂಡ್ ಬಂದು ಎಡೆ ಹಾಕು. ಹುಳಿ ಕೈಯಾಗೆ ಅವಳ ಸೀರೆ ಮುಟ್ಟಬ್ಯಾಡ.”

ನಾನು ಮೊದಲಿನಿಂದ ಶುರು ಮಾಡಿದೆ. ಬಾಮೈದ ಮತ್ತೆ ಬೆರಳು ಮಡಿಚತೊಡಗಿದ.